ಸಾವಯವಕ್ಕೆ ಹೊರಳಿದರೆ ಕಾಫಿ ತೋಟದ ಲೆಕ್ಕ ಏನಾಗುತ್ತದೆ?

ಪ್ರಶ್ನೆ: ಬೇಲೂರು ತಾಲ್ಲೂಕಿನ ಅರೇಹಳ್ಳಿ ಹತ್ತಿರ 4 ಎಕರೆ ರೊಬಸ್ಟಾ ಕಾಫಿ ಇದೆ. ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಎಕರೆಗೆ ಸರಾಸರಿ 20 ಮೂಟೆ ಚೆರಿ (ಒಣಗಿಸಿದ ಕಾಫಿ ಹಣ್ಣು, ಮೂಟೆಗೆ 50 ಕೆಜಿ) ಸಿಗುತ್ತದೆ. ಹಳೇಬೀಡಿನ ಕಡೆ 2 ಎಕರೆ ಮಳೆಯಾಶ್ರಿತ ಹೊಲವೂ ಇದೆ. ಎರಡು ಹಸು ಸಾಕಿದ್ದೇವೆ. ಸಾವಯವ ಮಾಡಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಬೆಲೆ ಒಂದೂವರೆ ಪಟ್ಟು ಸಿಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಇದು ನಿಜವೇ? ಸಗಣಿ, ಗಂಜಲದಿಂದ ಮಾಡುವ ಜೀವಾಮೃತ ಒಂದರಲ್ಲೇ ತೋಟ ನಡೆಯುತ್ತದೆಯೇ? ಹೊಲವನ್ನು ಶುಂಠಿಗೆ ಗುತ್ತಿಗೆ ಕೇಳುತ್ತಿದ್ದಾರೆ, ಆ ಹಣದಲ್ಲಿ ತೋಟವನ್ನು ಸಾವಯವ ಮಾಡಬಹುದೇ?

ಉತ್ತರ: ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಮೊದಲ ಮೂರು ವರ್ಷ, ಅಂದರೆ ಫಸಲನ್ನು ಸಾವಯವ ಎಂದು ಒಪ್ಪುವುದಕ್ಕೆ ಮುಂಚಿನ ಪರಿವರ್ತನೆಯ ಅವಧಿಯಲ್ಲಿ, ಏರುತ್ತದೆ. ಬೆಲೆಯೂ ಆ ಮೂರು ವರ್ಷ ಎಲ್ಲರಿಗೆ ಸಿಗುವಷ್ಟೇ ಸಿಗುತ್ತದೆ. ಇಷ್ಟಾದರೂ ನಿಮ್ಮಂಥ ತೋಟಕ್ಕೆ ಸಾವಯವ ಆಗದ ಮಾತಲ್ಲ. ಗೊಬ್ಬರ ಎಲ್ಲಿಂದ ಬರುತ್ತದೆ, ಫಸಲನ್ನು ಯಾರು ಕೊಳ್ಳುತ್ತಾರೆ ಎಂಬ ಎರಡು ವಿಷಯ ಮೊದಲೇ ಇತ್ಯರ್ಥವಾಗಿದ್ದರೆ ಲಾಭಕ್ಕೆ ಬರುತ್ತದೆ, ಇಲ್ಲದಿದ್ದರೆ ಕೈಯಿಂದ ಹಾಕುವುದೇ ಆಗುತ್ತದೆ. ನಿಮ್ಮ ತೋಟದ ಅಂಕಿಗಳಲ್ಲೇ ಲೆಕ್ಕ ಹಾಕಿ ನೋಡೋಣ.

ಮೊದಲು ರಾಸಾಯನಿಕ ಗೊಬ್ಬರದ ಖರ್ಚು. ಫಸಲು ಕೊಡುವ ರೊಬಸ್ಟಾಕ್ಕೆ ಎಕರೆಗೆ ಸುಮಾರು 48 ಕೆಜಿ ಸಾರಜನಕ, 36 ಕೆಜಿ ರಂಜಕ, 48 ಕೆಜಿ ಪೊಟ್ಯಾಷ್ ಕೊಡುತ್ತೀರಿ ಎಂದುಕೊಳ್ಳಿ. ರಂಜಕಕ್ಕಾಗಿ 78 ಕೆಜಿ ಡಿಎಪಿ ಬೇಕು. ಅದರ ಜೊತೆಗೇ 14 ಕೆಜಿ ಸಾರಜನಕ ಬರುತ್ತದೆ. ಉಳಿದ 34 ಕೆಜಿಗೆ 74 ಕೆಜಿ ಯೂರಿಯಾ, ಪೊಟ್ಯಾಷ್‌ಗೆ 80 ಕೆಜಿ ಎಂಒಪಿ. ಡಿಎಪಿ 50 ಕೆಜಿ ಚೀಲಕ್ಕೆ ₹1,350, ಯೂರಿಯಾ 45 ಕೆಜಿ ಚೀಲಕ್ಕೆ ₹266.50, ಎಂಒಪಿ 50 ಕೆಜಿ ಚೀಲಕ್ಕೆ ₹1,700 ಹಿಡಿದರೆ ಒಟ್ಟು ₹5,300 ಆಸುಪಾಸು. ಚೆರಿ ಮೂಟೆಗೆ ಲೆಕ್ಕಕ್ಕಾಗಿ ₹8,000 ಇಟ್ಟುಕೊಳ್ಳೋಣ (ಮಾರುಕಟ್ಟೆ ಇದಕ್ಕಿಂತ ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ). 20 ಮೂಟೆಗೆ ₹1,60,000. ಅಂದರೆ ಗೊಬ್ಬರದ ಚೀಲಗಳಿಗೆ ಹೋಗುತ್ತಿರುವುದು ಆದಾಯದ ಶೇ. 3ರಷ್ಟು ಮಾತ್ರ. ತೋಟದ ದೊಡ್ಡ ಖರ್ಚೆಲ್ಲ ಆಳಿನ ಕೂಲಿ: ಕೊಯ್ಲು, ಕಸಿ (ಕಾಫಿ ಗಿಡ ಸವರುವುದು), ಮರಗಸಿ (ನೆರಳಿನ ಮರದ ರೆಂಬೆ ಕಡಿಯುವುದು), ಕಳೆ, ನೀರು. ಇವು ಸಾವಯವದಲ್ಲೂ ತಪ್ಪುವುದಿಲ್ಲ. ಯೂರಿಯಾದ ಬೆಲೆಯಲ್ಲಿ ಬಹುಪಾಲನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತಿದೆ, ಕೊಟ್ಟಿಗೆ ಗೊಬ್ಬರಕ್ಕೆ ಅಂಥ ಆಸರೆ ಇಲ್ಲ. ಸಾವಯವ ರೈತ ಈ ಅಸಮ ಕಣದಲ್ಲೇ ನಿಂತು ಲೆಕ್ಕ ಹಾಕಬೇಕು.

ಈಗ ಅದೇ 48 ಕೆಜಿ ಸಾರಜನಕವನ್ನು ಕೊಟ್ಟಿಗೆ ಗೊಬ್ಬರದಿಂದ ಕೊಡಲು ಹೋದರೆ? ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5, ರಂಜಕ ಶೇ. 0.2, ಪೊಟ್ಯಾಷ್ ಶೇ. 0.5 ಇರುತ್ತದೆ. ಒಂದು ಟನ್ನಿಗೆ 5 ಕೆಜಿ ಸಾರಜನಕ. ಎಕರೆಗೆ ಹತ್ತಿರ ಹತ್ತಿರ 10 ಟನ್ ಬೇಕು. ತೋಟಕ್ಕೆ ತಂದು ಸುರಿಯಲು ಟನ್ನಿಗೆ ₹2,500 ಎಂದರೂ ₹24,000 ಆಯಿತು. ಯಾರೂ ಹೀಗೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನೆರಳಿನ ತೋಟ ಬಯಲು ಹೊಲದಂತಲ್ಲ. ನೆರಳಿನ ಮರವಾದ ಹಾಲುವಾಣ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ದರಗು (ಉದುರಿದ ಎಲೆ) ವರ್ಷವಿಡೀ ಕೊಳೆಯುತ್ತಿರುತ್ತದೆ, ಕಸಿ ಮಾಡಿದ ರೆಂಬೆ ಅಲ್ಲೇ ಬೀಳುತ್ತದೆ. ತೋಟದಿಂದ ಹೊರಹೋಗುವುದು ಹಣ್ಣು ಮಾತ್ರ. ಆದ್ದರಿಂದ ಹಣ್ಣು ಎಷ್ಟನ್ನು ಹೊತ್ತೊಯ್ಯುತ್ತದೆ ಎಂಬುದನ್ನು ನೋಡಿ ಅಷ್ಟನ್ನು ತುಂಬಿಸಿದರೆ ಸಾಕು.

20 ಮೂಟೆ ಚೆರಿ, 27 ಔಟ್‌ಟರ್ನ್ (ಮೂಟೆಗೆ 27 ಕೆಜಿ ಬೇಳೆ) ಎಂದರೆ 540 ಕೆಜಿ ಬೇಳೆ, ಅಂದರೆ ಹೊಟ್ಟು ತೆಗೆದ ಕಾಫಿ ಬೀಜ. ಒಂದು ಟನ್ ಬೇಳೆಯ ಫಸಲು ಸುಮಾರು 35–40 ಕೆಜಿ ಸಾರಜನಕ, 5–7 ಕೆಜಿ ರಂಜಕ, 45–50 ಕೆಜಿ ಪೊಟ್ಯಾಷ್ ಒಯ್ಯುತ್ತದೆ. ನಿಮ್ಮ ಎಕರೆಯ ಪಾಲಿಗೆ 20 ಕೆಜಿ ಸಾರಜನಕ, 3–4 ಕೆಜಿ ರಂಜಕ, 26 ಕೆಜಿ ಪೊಟ್ಯಾಷ್. ನಾಲ್ಕು ಟನ್ ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ, ರಂಜಕ ಎರಡೂ ತುಂಬುತ್ತವೆ. ಪೊಟ್ಯಾಷ್ ಮಾತ್ರ ಸ್ವಲ್ಪ ಕಡಿಮೆ ಬೀಳುತ್ತದೆ.

ಈ ಪೊಟ್ಯಾಷ್ ವಿಷಯದಲ್ಲಿ ತುಂಬ ಜನ ತಪ್ಪುತ್ತಾರೆ. ಚೆರಿಯನ್ನು ಒಣಗಿಸಿ ಹಾಗೇ ವ್ಯಾಪಾರಿಗೆ ಕೊಟ್ಟರೆ 50 ಕೆಜಿ ಮೂಟೆಯಲ್ಲಿ ಸುಮಾರು 23 ಕೆಜಿ ಹೊಟ್ಟು ಜೊತೆಗೇ ಹೋಗುತ್ತದೆ. ಎಕರೆಗೆ 460 ಕೆಜಿ. ಆ ಹೊಟ್ಟಿನಲ್ಲಿ 10 ಕೆಜಿಗೂ ಮಿಕ್ಕಿ ಪೊಟ್ಯಾಷ್ ಇರುತ್ತದೆ. ಎಂಒಪಿ ಹಾಕುವವರಿಗೆ ಇದು ದೊಡ್ಡದಲ್ಲ. ಸಾವಯವದಲ್ಲಿ ಎಂಒಪಿ ನಿಷಿದ್ಧ, ಹಾಗಾಗಿ ಹೊಟ್ಟು ವಾಪಸು ಬರಲೇಬೇಕು. ಹಲ್ಲಿಂಗ್ ಮಾಡಿಸಿ (ಯಂತ್ರದಲ್ಲಿ ಹೊಟ್ಟು ಬಿಡಿಸಿ) ಬೇಳೆಯಾಗಿ ಮಾರಿ, ಹೊಟ್ಟನ್ನು ಸಗಣಿಯೊಂದಿಗೆ ಪದರ ಹಾಕಿ ಮೂರು ನಾಲ್ಕು ತಿಂಗಳು ಕೊಳೆಸಿ ಹಾಕಿ. ಹಸಿ ಹೊಟ್ಟನ್ನು ನೇರ ಬುಡಕ್ಕೆ ಸುರಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಒಲೆಯ ಬೂದಿಯೂ ಒಳ್ಳೆಯದು, ಆದರೆ ಅದನ್ನು ಸಗಣಿ ಗೊಬ್ಬರದೊಂದಿಗೆ ಬೆರೆಸಿ ಇಡಬೇಡಿ, ಕ್ಷಾರಕ್ಕೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಜೀವಾಮೃತದ ಬಗ್ಗೆ ಕೇಳಿದ್ದೀರಿ. ಎಕರೆಗೆ ಹೇಳುವ ಪ್ರಮಾಣ 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಇದರಲ್ಲಿ ಸಾರಜನಕ ಎಷ್ಟಿದೆ ಎಂದು ಕೂಡಿ ನೋಡಿ: ಸಗಣಿಯಿಂದ 50 ಗ್ರಾಂ, ಗಂಜಲದಿಂದ 100 ಗ್ರಾಂ, ಹಿಟ್ಟಿನಿಂದ 70 ಗ್ರಾಂ. ಕಾಲು ಕೆಜಿಯೂ ಆಗಲಿಲ್ಲ. ತಿಂಗಳಿಗೊಮ್ಮೆ ವರ್ಷವಿಡೀ ಕೊಟ್ಟರೂ 3 ಕೆಜಿ ದಾಟುವುದಿಲ್ಲ. ನಿಮ್ಮ ಫಸಲು ಒಯ್ಯುವುದು 20 ಕೆಜಿ. ಜೀವಾಮೃತ ದರಗನ್ನು ಬೇಗ ಕೊಳೆಸಲು ನೆರವಾಗಬಹುದು, ಅದೇ ಊಟ ಎಂದು ನಂಬಿದರೆ ಗಿಡ ಸೊರಗುತ್ತದೆ. ಕೆಲವು ತೋಟಗಳಲ್ಲಿ ಮೊದಲ ವರ್ಷ ಹಳೆಯ ಗೊಬ್ಬರದ ಉಳಿಕೆಯಲ್ಲಿ ಫಸಲು ಚೆನ್ನಾಗೇ ಬರಬಹುದು, ಆಗ ಗೆದ್ದೆವು ಎನ್ನುತ್ತಾರೆ. ಎರಡನೆಯ, ಮೂರನೆಯ ವರ್ಷ ರೆಂಬೆ ತುದಿ ಒಣಗಲು ಶುರುವಾಗುತ್ತದೆ. ಆಗ ಹೆದರಿ ಯೂರಿಯಾ ಹಾಕಿದರೆ ಅಲ್ಲಿಯವರೆಗಿನ ಪರಿವರ್ತನೆಯ ವರ್ಷಗಳೆಲ್ಲ ವ್ಯರ್ಥ.

ಇನ್ನು ಹಣದ ಲೆಕ್ಕ, ಒಂದು ಎಕರೆಗೆ. ಪರಿವರ್ತನೆಯ ಮೂರು ವರ್ಷ ಫಸಲು 20 ಮೂಟೆಯಿಂದ 16, 17, 18 ಹೀಗೆ ಬರುತ್ತದೆ ಎಂದುಕೊಳ್ಳೋಣ. ಗೊಬ್ಬರದ ಸಾರಜನಕ ಒಂದೇ ವರ್ಷದಲ್ಲಿ ಬಿಡುಗಡೆಯಾಗುವುದಿಲ್ಲ, ಮಣ್ಣಲ್ಲಿ ಕೂಡಿಕೊಂಡು ಬರಬೇಕು, ಅದಕ್ಕೇ ಈ ಇಳಿತ. ಉಳಿಯುವುದು: ರಾಸಾಯನಿಕ ಗೊಬ್ಬರ ₹5,300, ಅದನ್ನು ಹಾಕುವ ಕೂಲಿ ₹1,500, ಕಳೆನಾಶಕ ₹1,500, ಒಟ್ಟು ₹8,300. ಹೆಚ್ಚುವುದು: 4 ಟನ್ ಗೊಬ್ಬರಕ್ಕೆ ₹10,000, ಹೊತ್ತು ಹರಡಲು ₹2,500, ಯಂತ್ರದಲ್ಲಿ ಕಳೆ ಹೊಡೆಸಲು ಹೆಚ್ಚುವರಿ ₹3,000, ಒಟ್ಟು ₹15,500. ಕಡಿಮೆಯಾದ ಮೂಟೆಗಳ ಕೊಯ್ಲಿನ ಕೂಲಿಯೂ ಉಳಿಯುತ್ತದೆ, ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಒಂದು ಮೂಟೆ ಒಣ ಚೆರಿಗೆ ಸುಮಾರು 120 ಕೆಜಿ ಹಣ್ಣು, ಕೆಜಿಗೆ ₹5ರಂತೆ ₹600. ಇವು ಲೆಕ್ಕಕ್ಕೆ ಹಿಡಿದ ದರಗಳು, ನಿಮ್ಮ ಊರಿನ ದರ ಹಾಕಿಕೊಳ್ಳಿ, ಕೂಡುವ ಕಳೆಯುವ ಕ್ರಮ ಅದೇ.

ಮೊದಲ ವರ್ಷ 4 ಮೂಟೆ ಕಡಿಮೆ, ₹32,000 ಹೋಯಿತು. ಖರ್ಚಿನ ಏರಿಳಿತ ಸೇರಿಸಿದರೆ ಎಕರೆಗೆ ₹36,800 ಕೊರತೆ. ಮೂರು ವರ್ಷ ಒಟ್ಟು ₹88,000. ನಾಲ್ಕನೆಯ ವರ್ಷದಿಂದ 18 ಮೂಟೆಯಲ್ಲೇ ನಿಂತರೆ, ಮೊದಲಿನ ಆದಾಯಕ್ಕೆ ಸರಿಸಮ ಬರಲು ಮೂಟೆಗೆ ₹9,220 ಸಿಗಬೇಕು, ಶೇ. 15ರಷ್ಟು ಹೆಚ್ಚು. ಮೂರು ವರ್ಷದ ಕೊರತೆಯನ್ನು ಮುಂದಿನ ಐದು ವರ್ಷದಲ್ಲಿ ತುಂಬಿಕೊಳ್ಳಬೇಕಾದರೆ ₹10,200, ಶೇ. 27ಕ್ಕೂ ಹೆಚ್ಚು. ಪ್ರಮಾಣೀಕರಣದ ಶುಲ್ಕ ಇದರ ಮೇಲೆ.

ಅದೇ ಗೊಬ್ಬರ ನಿಮ್ಮ ಕೊಟ್ಟಿಗೆಯದೇ ಆದರೆ ಚಿತ್ರ ಬದಲಾಗುತ್ತದೆ. ವರ್ಷಕ್ಕೆ ₹10,000 ಕಳೆದು ನೋಡಿ: ಮೂರು ವರ್ಷದ ಕೊರತೆ ₹58,000ಕ್ಕೆ ಇಳಿಯುತ್ತದೆ, ನಾಲ್ಕನೆಯ ವರ್ಷದಿಂದ ಶೇ. 8 ಹೆಚ್ಚು ಬೆಲೆ ಸಿಕ್ಕರೂ ಸರಿಹೋಗುತ್ತದೆ. ಆದರೆ ಕೊಟ್ಟಿಗೆಯ ಗೊಬ್ಬರ ಬಿಟ್ಟಿಯಲ್ಲ. ಹಾಲಿನ ಹಣ ಹಸುವಿನ ಮೇವು, ಹಿಂಡಿ, ಆಳಿನ ಖರ್ಚನ್ನು ತೀರಿಸುತ್ತಿದ್ದರೆ ಮಾತ್ರ ಗೊಬ್ಬರವನ್ನು ಬಿಟ್ಟಿ ಎಂದು ಬರೆಯಬಹುದು. ಒಂದು ಹಸು, ಹಾಸಿಗೆಗೆ ಸೊಪ್ಪು ದರಗು ಹಾಕಿದರೆ, ವರ್ಷಕ್ಕೆ 2ರಿಂದ 3 ಟನ್ ಮಾಗಿದ ಗೊಬ್ಬರ ಕೊಡುತ್ತದೆ. ನಿಮ್ಮ 4 ಎಕರೆಗೆ 16 ಟನ್ ಬೇಕು, ಎರಡು ಹಸುವಿನಿಂದ ಬರುವುದು ಹೆಚ್ಚೆಂದರೆ 6 ಟನ್. ಉಳಿದ 10 ಟನ್ ಎಲ್ಲಿಂದ ಎಂಬುದೇ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ. ಕೊಳ್ಳುವುದಾದರೆ ಮೂಲ ಕೇಳಿ ಕೊಳ್ಳಿ. ಕೋಳಿ ಫಾರಂಗಳ ಗೊಬ್ಬರವನ್ನು ಪ್ರಮಾಣೀಕರಣ ಸಂಸ್ಥೆ ಒಪ್ಪದೇ ಇರಬಹುದು, ಹಾಕುವ ಮೊದಲೇ ಬರಹದಲ್ಲಿ ಅನುಮತಿ ಪಡೆಯಬೇಕು.

ಇನ್ನೊಂದು ಸೂಕ್ಷ್ಮ. ಕಾಫಿ ಬೆಲೆ ಏರಿದ್ದಾಗ ಪರಿವರ್ತನೆ ದುಬಾರಿ, ಇಳಿದಿದ್ದಾಗ ಅಗ್ಗ. ಮೇಲಿನ ಲೆಕ್ಕವನ್ನೇ ಮೂಟೆಗೆ ₹4,000ರಂತೆ ಮಾಡಿದರೆ ಮೂರು ವರ್ಷದ ಕೊರತೆ ₹88,000ದ ಬದಲು ₹52,000. ಕಳೆದುಕೊಳ್ಳುವ ಒಂಬತ್ತು ಮೂಟೆಗಳ ಬೆಲೆ ಅರ್ಧವಾಗಿರುತ್ತದೆ. ಜನ ಮಾಡುವುದು ಇದಕ್ಕೆ ಉಲ್ಟಾ: ಬೆಲೆ ಚೆನ್ನಾಗಿದ್ದಾಗ ಕೈಯಲ್ಲಿ ಹಣವಿರುತ್ತದೆ, ಆಗ ಸಾವಯವಕ್ಕೆ ಇಳಿಯುತ್ತಾರೆ. ಒಳ್ಳೆಯ ಬೆಲೆಯ ವರ್ಷಗಳಲ್ಲಿ ಹಸು, ಗೊಬ್ಬರದ ಗುಂಡಿ, ಕಳೆ ಯಂತ್ರ, ಕಣಕ್ಕೆ ಹಣ ಹಾಕಿ ಸಿದ್ಧವಾಗಿರಿ. ನೋಂದಣಿಯನ್ನು ಬೆಲೆ ಇಳಿಮುಖವಾದಾಗ ಮಾಡಿಸಿ.

ಸರ್ಕಾರದ ನೆರವನ್ನು ನೆಚ್ಚಿ ಕೂರುವಂತಿಲ್ಲ. ಪರಂಪರಾಗತ್ ಕೃಷಿ ವಿಕಾಸ್ ಯೋಜನೆಯಲ್ಲಿ ಮೂರು ವರ್ಷಕ್ಕೆ ಹೆಕ್ಟೇರಿಗೆ ₹31,500 ಇದೆ, ಅದರಲ್ಲಿ ರೈತರ ಖಾತೆಗೆ ಬರುವುದು ₹15,000. ಎಕರೆಗೆ ₹6,000. ಬಂದರೆ ಒಳ್ಳೆಯದು, ಅದರಿಂದ ಕೊರತೆ ತುಂಬುವುದಿಲ್ಲ.

ಹೆಚ್ಚಿನ ಬೆಲೆ ಕೊಡುವವರು ಕಾಗದ ಕೇಳುತ್ತಾರೆ. ದಾರಿ ಎರಡು. ಪಿಜಿಎಸ್ ಪದ್ಧತಿಯಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ತೋಟವನ್ನೊಬ್ಬರು ಪರಿಶೀಲಿಸುತ್ತಾರೆ. ಖರ್ಚು ಕಡಿಮೆ, ದೇಶದೊಳಗೆ ಮಾತ್ರ ಚಲಾವಣೆ. ರಫ್ತಿಗೆ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಡಿಯಲ್ಲಿ ಮೂರನೆಯವರ ಪ್ರಮಾಣಪತ್ರವೇ ಬೇಕು. ಅಲ್ಲಿ ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನೆ ಮುಗಿದ ಮೇಲಿನ ಕೊಯ್ಲು ಮಾತ್ರ ಸಾವಯವ. ಒಬ್ಬರೇ ಮಾಡಿಸಿದರೆ ಶುಲ್ಕದ ಭಾರ ತಡೆಯಲಾಗದು. 25ರಿಂದ 500 ರೈತರ ಗುಂಪಾಗಿ ಮಾಡಿಸಿದರೆ ಹಂಚಿಹೋಗುತ್ತದೆ. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕೆಲಸ ಮಾಡುತ್ತದೆ, ಮೊದಲು ಅಲ್ಲಿ ವಿಚಾರಿಸಿ.

ಗುಂಪು ಬೇಕಾಗುವುದು ಶುಲ್ಕಕ್ಕೆ ಮಾತ್ರವಲ್ಲ. ರಫ್ತುದಾರರು ಕೊಳ್ಳುವುದು ಕಂಟೇನರ್ ಲೆಕ್ಕದಲ್ಲಿ, 60 ಕೆಜಿಯ 320 ಚೀಲ, 19.2 ಟನ್. ಸಾವಯವಕ್ಕೆ ಬಂದಮೇಲೆ ನಿಮ್ಮ 4 ಎಕರೆಯಿಂದ ಬರುವ ಬೇಳೆ 2 ಟನ್ನಿಗೂ ಸ್ವಲ್ಪ ಕಡಿಮೆ. ನಿಮ್ಮಂಥ ಹತ್ತು ತೋಟ ಸೇರಿದರೆ ಒಂದು ಕಂಟೇನರ್. ಹತ್ತು ಜನ ಸಿಗದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತದೆ, ಕಾಫಿ ಮಾಮೂಲಿ ಬೆಲೆಗೆ ಹೋಗುತ್ತದೆ. ಹುರಿದು ಪುಡಿ ಮಾಡಿ ಗ್ರಾಹಕರಿಗೆ ನೇರ ಮಾರುವ ದಾರಿಯೂ ಇದೆ. ವರ್ಷಕ್ಕೆ ₹12 ಲಕ್ಷದೊಳಗಿನ ವಹಿವಾಟಿನ ಸಣ್ಣ ಬೆಳೆಗಾರರು ಸ್ವತಃ ಗ್ರಾಹಕರಿಗೆ ಮಾರಿದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಸಾವಯವ ಆಹಾರದ ಜೈವಿಕ್ ಭಾರತ್ ಚಿಹ್ನೆಯನ್ನು ಮಾತ್ರ ಬಳಸುವಂತಿಲ್ಲ.

ಒಂದು ಎಕರೆ ಸಾವಯವ, ಮೂರು ಎಕರೆ ರಾಸಾಯನಿಕ ಎಂದು ನೋಂದಾಯಿಸಲು ಹೋಗಬೇಡಿ. ಎರಡೂ ಕಡೆ ಅದೇ ರೊಬಸ್ಟಾ ಇದ್ದರೆ ಬೇಳೆ ಯಾವ ಕಡೆಯದೆಂದು ಗುರುತಿಸಲಾಗದು, ಪ್ರಮಾಣೀಕರಣದವರು ಸುಲಭಕ್ಕೆ ಒಪ್ಪರು. ಬದಲಿಗೆ ನೋಂದಣಿ ಇಲ್ಲದೆ ಒಂದು ಎಕರೆಯಲ್ಲಿ ಎರಡು ಫಸಲು ನೋಡಿ. ಗೊಬ್ಬರದ ತೂಕ, ಆಳುಗಳ ಸಂಖ್ಯೆ, ಹಣ್ಣಿನ ತೂಕ ದಿನವಹಿ ಬರೆದಿಡಿ. ಫಸಲು ಶೇ. 20ಕ್ಕಿಂತ ಹೆಚ್ಚು ಇಳಿದರೆ ಗೊಬ್ಬರದಲ್ಲಿ ಕೊರತೆ ಇದೆ ಎಂದರ್ಥ, ಅದನ್ನು ಸರಿಪಡಿಸದೆ ನಾಲ್ಕು ಎಕರೆಗೆ ಹರಡಬೇಡಿ. ಶುರುವಿಗೆ ಮುನ್ನ 9 ಇಂಚು ಆಳದ ಮಣ್ಣು ತೆಗೆದು ಪರೀಕ್ಷೆ ಮಾಡಿಸಿ. ಹುಳಿ ಹೆಚ್ಚಿದ್ದರೆ ಕೃಷಿ ಸುಣ್ಣ, ಡಾಲೊಮೈಟ್ ಹಾಕಬಹುದು, ಸಾವಯವದಲ್ಲಿ ಇವಕ್ಕೆ ಅವಕಾಶವಿದೆ.

ನಿಮ್ಮದು ರೊಬಸ್ಟಾ ಆಗಿರುವುದು ಅದೃಷ್ಟ. ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಅರೇಬಿಕಾ ಬೆಳೆಗಾರರಿಗೆ ಬಿಳಿ ಕಾಂಡಕೊರಕ ಹುಳುವಿನ ಕಾಟ ಬಿಡುವುದಿಲ್ಲ. ಅವರು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಅದರ ದುಂಬಿಗಳ ಹಾರಾಟಕ್ಕೆ ಮುನ್ನ ಗಿಡ ಗಿಡ ನೋಡಿ ಕೊರಕ ಹೊಕ್ಕ ಗಿಡ ಕಿತ್ತು ಸುಡಬೇಕು, ಕಾಂಡದ ಸಡಿಲ ತೊಗಟೆ ಉಜ್ಜಿ 200 ಲೀಟರಿಗೆ 20 ಕೆಜಿ ಸುಣ್ಣದ ನೀರು ಹೊಡೆಯಬೇಕು. ಅಷ್ಟು ಆಳು ಸಿಗದ ತೋಟದಲ್ಲಿ ಸಾವಯವ ಅರೇಬಿಕಾ ಉಳಿಯುವುದು ಕಷ್ಟ. ರೊಬಸ್ಟಾದಲ್ಲಿ ಕಾಯಿಕೊರಕಕ್ಕೆ ಉಳಿದ ಹಣ್ಣು, ಬಿದ್ದ ಕಾಯಿ ಪೂರ್ತಿ ಆಯಿಸುವುದೇ ಮದ್ದು, ಚೆರಿಯನ್ನು ಶೇ. 11ರ ತೇವಕ್ಕೆ ಒಣಗಿಸಬೇಕು.

ಮೆಣಸಿನಲ್ಲಿ ಅಪಾಯವೂ ಇದೆ, ಆದಾಯವೂ ಇದೆ. ಶೀಘ್ರ ಸೊರಗು ರೋಗಕ್ಕೆ ಮಾಮೂಲಿ ತೋಟದಲ್ಲಿ ಕೊಡುವ ಮೆಟಲಾಕ್ಸಿಲ್, ಪೊಟ್ಯಾಸಿಯಂ ಫಾಸ್ಫೊನೇಟ್ ಸಾವಯವದಲ್ಲಿ ಇಲ್ಲ. ಮುಂಗಾರಿಗೆ ಮುನ್ನ ಶೇ. 1ರ ಬೋರ್ಡೋ ದ್ರಾವಣ (100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ), ಬುಡಕ್ಕೆ ಟ್ರೈಕೊಡರ್ಮಾ (ರೋಗ ತಡೆಯುವ ಶಿಲೀಂಧ್ರ) ಬೆಳೆಸಿದ ಬೇವಿನ ಹಿಂಡಿ–ಗೊಬ್ಬರ ಬಳ್ಳಿಗೆ 2–3 ಕೆಜಿ, ನೀರು ನಿಲ್ಲದಂತೆ ಕಾಲುವೆ. ಬೋರ್ಡೋ ಬುಡಕ್ಕೆ ಸುರಿದ ಕೂಡಲೇ ಟ್ರೈಕೊಡರ್ಮಾ ಹಾಕಿದರೆ ತಾಮ್ರಕ್ಕೆ ಅದೂ ಸಾಯುತ್ತದೆ, ಎರಡರ ನಡುವೆ ಕೆಲವು ವಾರ ಬಿಡಿ. ತಾಮ್ರಕ್ಕೂ ಮಿತಿ ಇದೆ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ಮೆಣಸಿಗೆ ವರ್ಷಕ್ಕೆ 4 ಕೆಜಿ, ಕಾಫಿಗೆ ಇನ್ನೊಂದು 4 ಕೆಜಿ ಮೈಲುತುತ್ತ ಬಳಸಿದರೆ ಹೆಕ್ಟೇರಿಗೆ 5 ಕೆಜಿ ತಾಮ್ರವಾಯಿತು. ಯುರೋಪಿನ ತೋಟಗಳಿಗೆ ಅವರ ಕಾನೂನು ಕೊಡುವ ಅವಕಾಶ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ, ಅಂದರೆ ವರ್ಷಕ್ಕೆ ಸರಾಸರಿ 4 ಕೆಜಿ. ಆದ್ದರಿಂದ ಕಾಫಿಗೆ ಕೊಳೆ ರೋಗ ಬರುವ ತಗ್ಗಿನ ಜಾಗಕ್ಕಷ್ಟೇ ಹೊಡೆಯಿರಿ.

ಮೆಣಸೋ ಕಾಫಿಯೋ ಲ್ಯಾಬ್‌ನ ರಾಸಾಯನಿಕ ಉಳಿಕೆಯ ಪರೀಕ್ಷೆಯಲ್ಲಿ ಬಿದ್ದುಹೋಗುವುದು ಬಹಳ ಸಲ ನಿಮ್ಮ ತಪ್ಪಿನಿಂದಲ್ಲ. ಪಕ್ಕದ ತೋಟದ ಸಿಂಪಡಣೆಯ ಗಾಳಿ, ರಾಸಾಯನಿಕ ಗೊಬ್ಬರ ತುಂಬಿದ್ದ ಹಳೆ ಚೀಲ, ಕೀಟನಾಶಕ ಗುಳಿಗೆ ಇಟ್ಟ ಗೋದಾಮು, ಹಿಂದಿನವರ ಕಾಫಿ ಉಳಿದ ಹಲ್ಲಿಂಗ್ ಯಂತ್ರ. ಬೇಲಿಯಂಚಿನ ಸಾಲುಗಳ ಫಸಲನ್ನು ಬೇರೆ ಕೊಯ್ದು ಮಾಮೂಲಿಗೆ ಮಾರಿ. ಹೊಸ ಚೀಲ ಬಳಸಿ, ಯಂತ್ರದಿಂದ ಮೊದಲು ಬಂದದ್ದನ್ನು ಪಕ್ಕಕ್ಕಿಡಿ.

ಕೊನೆಗೆ ಹಳೇಬೀಡಿನ ಹೊಲ. ಶುಂಠಿಗೆ ಕೊಡಬೇಡಿ. ಗುತ್ತಿಗೆಯ ಹಣ ಆಕರ್ಷಕವೇ, ಆದರೆ ಕೊಳೆ ರೋಗಕ್ಕೆಂದು ಅವರು ಬುಡಕ್ಕೆ ಸುರಿಯುವ ಔಷಧದಿಂದ ಆ ನೆಲದ ಪರಿವರ್ತನೆಯ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಕೊಳೆಯ ಸೋಂಕೂ ಮಣ್ಣಲ್ಲಿ ಉಳಿಯುತ್ತದೆ. ಆಲೂಗಡ್ಡೆಯೂ ಬೇಡ. ಹಾಸನದ ಮುಂಗಾರಿನಲ್ಲಿ ಅಂಗಮಾರಿಯನ್ನು ಬೋರ್ಡೋ ಒಂದರಿಂದ ತಡೆಯುತ್ತೇನೆಂದು ಬಿತ್ತನೆ ಗೆಡ್ಡೆಗೆ ಅಷ್ಟು ಹಣ ಹಾಕುವುದು ಜೂಜು. ಅಲ್ಲಿ ರಾಗಿ ಹಾಕಿ. ರಾಗಿಗೆ ರಾಸಾಯನಿಕ ಗೊಬ್ಬರದ ಖರ್ಚೇ ಎಕರೆಗೆ ₹2,000 ಒಳಗೆ, ಸಿಂಪಡಣೆ ಬಹುತೇಕ ಇಲ್ಲ, ಸಾವಯವಕ್ಕೆ ಹೊರಳುವಾಗ ಕಳೆದುಕೊಳ್ಳುವುದು ಕಡಿಮೆ. ಬೆಂಕಿ ರೋಗ ತಡೆಯುವ ಜಿಪಿಯು-28 ಬಿತ್ತಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಒಂದು ಸಾಲು ಅವರೆ ಅಕ್ಕಡಿ ಹಾಕಿ. ಮುಂಗಾರು ಬೇಗ ಹಿಡಿದ ವರ್ಷ ಎಕರೆಗೆ 20 ಕೆಜಿ ಅಪ್ಸೆಣಬು (ಹಸಿರೆಲೆ ಗೊಬ್ಬರದ ಬೆಳೆ) ಎರಚಿ, 45–50 ದಿನಕ್ಕೆ ಹೂ ಬರುವಾಗ ಉತ್ತು ಸೇರಿಸಿ, ಆಮೇಲೆ ರಾಗಿ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹4,886, ಸಾವಯವ ಬೆಲೆ ಸಿಗದಿದ್ದರೂ ಅದು ಕೈಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಆ ಎರಡು ಎಕರೆಯ ರಾಗಿ ಹುಲ್ಲು ಮೇವಾಗುತ್ತದೆ. ಮೇವಿದ್ದರೆ ಎರಡು ಹಸು ನಾಲ್ಕಾಗಬಹುದು, 6 ಟನ್ ಗೊಬ್ಬರ 10–12 ಟನ್ ಆಗಬಹುದು. ಮಿಕ್ಕ 4–6 ಟನ್ನಿಗೆ ತೋಟದ ಬೇಲಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟು ಸೊಪ್ಪು ಕಡಿದು ಹಾಕಿ, ಕಾಫಿ ಹೊಟ್ಟು ವಾಪಸು ತನ್ನಿ. ಆಗ ಅರೇಹಳ್ಳಿಯ ತೋಟವನ್ನು ನೋಂದಣಿಗೆ ಕೊಡಬಹುದು.